ತಾತನ ಹತ್ತಿ

ಅಕ್ಕನಿಗೆ ಮಾತು ಬರುವುದಿಲ್ಲ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಅಕ್ಕ ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು; ಅಪ್ಪ ಬಿಟ್ಟುಬಂದ ಊರಿನಲ್ಲಿ ದೊಡ್ಡಪ್ಪನ ಜೊತೆ ಉಳಿದುಕೊಂಡವಳು. ಒಂದು ಬೇಸಿಗೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನಾವಿದ್ದಷ್ಟು ದಿನವೂ ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾ ಎನ್ನುವುದನ್ನು ಕೈಯಲ್ಲಿ, ಬೇಡ ಎನ್ನುವುದನ್ನು ತಲೆಯಲ್ಲಿ, ಅಲ್ಲಿಂದ ಏಳು ಎನ್ನುವುದನ್ನು ಹುಬ್ಬಿನಲ್ಲಿ ಹೇಳಿ ಮುಗಿಸಿದಳು. ವಾಪಸ್ಸು ಬಂದವನೇ ನನಗೊಬ್ಬಳು ಮೂಗಿ ಅಕ್ಕ ಇದ್ದಾಳೆ ಎಂದು ಶಾಲೆಯಲ್ಲಿ ಸಾರಿದೆ. ಅದುವರೆಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ನನಗೆ ಅದರಿಂದ ತರಗತಿಯಲ್ಲಿ ಅಷ್ಟಿಷ್ಟು ಮರ್ಯಾದೆ ಬಂತು. ದೊಡ್ಡಪ್ಪ ತೀರಿಕೊಂಡಾಗ ಮತ್ತೆ ಹೋದೆವು. ಅಷ್ಟು ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಹೆಣದ ಪಕ್ಕದಲ್ಲಿ ಕೈಕಟ್ಟಿ, ಸಾವಿನ ಬಗ್ಗೆ ಯೋಚಿಸುವವನ ಮುಖ ಮಾಡಿಕೊಂಡು ನಿಂತಿದ್ದೆ. ಅಕ್ಕ ಬಂದು, “ಬಾಗಿಲಿಗೆ ಅಡ್ಡ ನಿಂತಿದ್ದೀಯ, ಆ ಕಡೆ ಹೋಗು” ಎಂದಳು. ಅವತ್ತು ನಾನು ಸಾವಿಗಿಂತ ಹೆಚ್ಚು ಬೆಚ್ಚಿದ್ದು ಆ ಮಾತಿಗೆ.

ಮಾತಾಡದಿರುವುದು ಅವಳ ಕಸುಬಿನ ಅಭ್ಯಾಸ ಎಂದು ಆಮೇಲೆ ತಿಳಿಯಿತು. ಹಳೇ ಹಾಸಿಗೆಗಳನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವ ಅಂಗಡಿ ಅವರದು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರಲ್ಲೇ ಒಂದು ಮೂಲೆಗೆ ಅಡುಗೆ, ಅದರಾಚೆ ನಾಲ್ಕು ಬಟ್ಟೆ ಒಣಹಾಕುವಷ್ಟು ಹಿತ್ತಲು. ಮೊಳೆ ಬಡಿದ ಉರುಳೆಯ ಮೆಷಿನ್ ತಿರುಗತೊಡಗಿದರೆ ಎದುರುಗೋಡೆ ಕಾಣದಷ್ಟು ಧೂಳು ಏಳುತ್ತದೆ. ಅದರೊಳಗೆ ಬಾಯಿ ಬಿಟ್ಟರೆ ಹತ್ತಿ ಎದೆಗೆ ಇಳಿಯುತ್ತದೆ, ಇಳಿದದ್ದು ವಾಪಸ್ಸು ಬರುವುದಿಲ್ಲ ಎಂದು ದೊಡ್ಡಪ್ಪ ಮಗಳಿಗೆ ಹೇಳಿಕೊಟ್ಟಿದ್ದರು. ಮೂಗಿಗೂ ಬಾಯಿಗೂ ಧೂಳು ಒಂದೇ, ಅದೆಲ್ಲ ಬರೀ ನಂಬಿಕೆ ಎಂದು ಮುಂದೆ ಯಾರೋ ಡಾಕ್ಟರು ಹೇಳಿದರಂತೆ. ಅಕ್ಕ ಆ ಡಾಕ್ಟರಿಗೂ ತಲೆಯಲ್ಲೇ ಉತ್ತರ ಕೊಟ್ಟಳಂತೆ.

ತಾತನ ಕಾಲದಿಂದ ಆ ಕಸುಬಿಗೆ ಎರಡು ಕಟ್ಟಳೆಗಳಿದ್ದವು. ಒಬ್ಬರ ಹತ್ತಿಗೆ ಇನ್ನೊಬ್ಬರ ಹತ್ತಿ ಬೆರೆಸುವಂತಿಲ್ಲ. ಹಾಸಿಗೆ ತೆಳ್ಳಗಾದರೂ ಚಿಂತೆಯಿಲ್ಲ, ಅವರವರದು ಅವರವರಿಗೆ. ಮತ್ತೆ, ಯಾರಾದರೂ ಪ್ರಾಣ ಬಿಟ್ಟ ಹಾಸಿಗೆ ಮೆಷಿನ್ನಿಗೆ ಹೋಗುವಂತಿಲ್ಲ, ಹಿತ್ತಲಲ್ಲಿ ಸುಡಬೇಕು. ಹಾಗಾಗಿ ಹಾಸಿಗೆ ಹೊತ್ತು ತಂದವರನ್ನು ಅಕ್ಕ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಯಾರು ಮಲಗ್ತಿದ್ರು?” ಜನ ಕಣ್ಣು ತಪ್ಪಿಸಿ ಸುಳ್ಳು ಹೇಳುತ್ತಿದ್ದರು. ಮಾವ ಅದರ ಮೇಲೆ ಕಾಯಿಲೆ ಮಲಗಿದ್ದೇನೋ ಹೌದು, ಆದರೆ ಕೊನೇ ಗಳಿಗೆಯಲ್ಲಿ ಎದ್ದು ಕುರ್ಚಿಗೆ ಬಂದು ಹೋದರು ಎಂದು ಒಬ್ಬ ಅಳಿಯ ವಾದಿಸಿದನಂತೆ. ಅಕ್ಕ ಆ ಹಾಸಿಗೆಯನ್ನು ಅವನ ತಲೆಯ ಮೇಲೇ ಹೊರಿಸಿ ಕಳಿಸಿದಳು.

ಭಾವ ಆ ಅಂಗಡಿಗೆ ಬಂದದ್ದು ಮೆಷಿನ್ನಿಗೆ ಹತ್ತಿ ಕೊಡುವ ಆಳಾಗಿ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಗದ್ದಕ್ಕೆ ಇಳಿಸಿ ಮಾತಾಡುತ್ತಲೇ ಇದ್ದ ಮನುಷ್ಯ. ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಿಗೆ ಎಳೆಯುವರು, ಕೇಳುವವರು ಇಲ್ಲದಿದ್ದರೆ ಹಾಡುವರು, ಹಾಡು ಮರೆತರೆ ಅದೇ ಧಾಟಿಯಲ್ಲಿ ಗಿರಾಕಿಗಳ ಹೆಸರು ಹೇಳುವರು. ಬೀದಿಯವರು ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ದೊಡ್ಡಪ್ಪ ಬೈದರು, ಹೆದರಿಸಿದರು, ಒಮ್ಮೆ ತಾವೇ ಹಿಡಿದು ಬಾಯಿಗೆ ಬಟ್ಟೆ ಬಿಗಿದರು. ಅಕ್ಕ ಮದುವೆಯಾದದ್ದು ಅವರನ್ನೇ. ಯಾಕೆ ಎಂದು ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು. “ಮನೇಲಿ ಒಬ್ಬರಾದ್ರೂ ಮಾತಾಡ್ಬೇಕಲ್ಲ” ಎಂದಳು ಅಕ್ಕ.

ಮಕ್ಕಳಾಗಲಿಲ್ಲ. ದೊಡ್ಡಪ್ಪ ಹೋದ ಮೇಲೆ ಇಬ್ಬರೇ ಅಂಗಡಿ ನಡೆಸಿದರು. ಕ್ರಮೇಣ ರೇಡಿಯೋ ನಡುನಡುವೆ ಕೆಮ್ಮತೊಡಗಿತು. ಆಮೇಲೆ ಕೆಮ್ಮಿನ ನಡುವೆ ಅಷ್ಟಿಷ್ಟು ಮಾತು ಬರತೊಡಗಿತು.

ಇತ್ತ ನಮ್ಮ ಅಣ್ಣ ನಿವೃತ್ತನಾದ. ಕೆಲಸದಲ್ಲಿದ್ದಾಗ ಅವನ ಕೋಣೆಯ ಹೊರಗೆ ಕೆಂಪು ದೀಪ ಉರಿಯುತ್ತಿತ್ತು. ನಿವೃತ್ತಿಯ ಮಾರನೆಯ ದಿನದಿಂದ ಮನೆಯವರು ಯಾರನ್ನೂ ಕೇಳದೆ ಅವನ ಕೋಣೆಗೆ ನುಗ್ಗತೊಡಗಿದರು. ಇಂಥ ಹೊತ್ತಿನಲ್ಲಿ ಕೆಲವರು ತೋಟ ಮಾಡುತ್ತಾರೆ, ಕೆಲವರು ಸಕ್ಕರೆ ಕಾಯಿಲೆ ಮಾಡಿಕೊಳ್ಳುತ್ತಾರೆ. ಅಣ್ಣ ಮೂಲ ಹುಡುಕಲು ಹೊರಟ. ಹೊಸ ಮನೆಯ ಹಾಲಿನಲ್ಲಿ ಗೋಡೆಯುದ್ದಕ್ಕೂ ಗಾಜಿನ ಬೀರು ಮಾಡಿಸಿ, ಒಳಗೆ ದೀಪ ಹಾಕಿಸಿ, ಹಿರಿಯರ ವಸ್ತುಗಳನ್ನು ಇಡತೊಡಗಿದ. ಅಪ್ಪನ ಕೈಗಡಿಯಾರ ಬಂತು, ಅಜ್ಜಿಯ ಹಿತ್ತಾಳೆ ಚೊಂಬು ಬಂತು. ತಾತನ ಜಾಗ ಮಾತ್ರ ಖಾಲಿ ಉಳಿಯಿತು. ತಾತ ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಮನೆಮನೆಗೆ ಹೋಗಿ, “ಹಾಸಿಗೆ ಇದ್ಯಾಮ್ಮಾ” ಎಂದು ಕೂಗುತ್ತಿದ್ದವರು. ಅಣ್ಣನ ಬಾಯಲ್ಲಿ ಅವರು ಮೊದಲು ಹತ್ತಿ ವ್ಯಾಪಾರಿಯಾದರು, ಆಮೇಲೆ ದೊಡ್ಡ ಹತ್ತಿ ವ್ಯಾಪಾರಿಯಾದರು; ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ಕೇಳಿದಾಗ ಅವರ ಹತ್ತಿ ಹಡಗು ಹತ್ತಿತ್ತು.

ಕಡೆಗೆ ಅಣ್ಣನ ಕಾರಿನಲ್ಲಿ ನಾವು ನಾಲ್ವರು ಹೊರಟೆವು. ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ. ಪೂರ್ವಿಕರ ಮನೆಯ ನಕ್ಷೆ ಬರೆಯಬೇಕೆಂದು ಅಣ್ಣ ಅಳತೆಯ ಟೇಪು ತಂದಿದ್ದ. ದಾರಿಯುದ್ದಕ್ಕೂ ಬೇರಿಲ್ಲದ ಮರದ ಗತಿಯೇನು ಎಂದು ನಮ್ಮನ್ನು ಕೇಳುತ್ತಿದ್ದ. ಎರಡು ಸಲ ದಾರಿ ತಪ್ಪಿತು. “ಬೇರು ಆಮೇಲೆ ಹುಡುಕೋರಂತೆ, ಮೊದಲು ರೋಡು ಹುಡುಕಿ” ಎಂದರು ಅತ್ತಿಗೆ.

ಅಣ್ಣನ ವರ್ಣನೆ ಕೇಳಿ ಅತ್ತಿಗೆ ಹೆಬ್ಬಾಗಿಲು, ಕಂಬ, ದೊಡ್ಡ ಅಂಗಳ ಎಲ್ಲ ಕಲ್ಪಿಸಿಕೊಂಡಿದ್ದರು. ಕಾರು ನುಗ್ಗದ ಬೀದಿ. ಒಂದು ಪಕ್ಕ ಹಳೇ ಟೈರಿನ ಅಂಗಡಿ, ಎದುರಿಗೆ ಹಾಸಿಗೆಯ ಗವಸು ಹೊಲಿದುಕೊಡುವ ಟೈಲರು, ಇವುಗಳ ನಡುವೆ ಬಾಗಿಲ ಚೌಕಟ್ಟಿಗೆಲ್ಲ ಬಿಳಿ ಎಳೆಗಳು ಜೋತುಬಿದ್ದ ನಮ್ಮ ಮೂಲಸ್ಥಾನ. ಅಕ್ಕ ನಮ್ಮನ್ನು ನೋಡಿ ಕೈಯೆತ್ತಿದಳು. ನಿಲ್ಲಿ ಎಂದು ಅರ್ಥ. ಮೆಷಿನ್ನಿಗೆ ಕೊಟ್ಟ ಹತ್ತಿಯನ್ನು ಅರ್ಧಕ್ಕೆ ಬಿಡುವಂತಿಲ್ಲ. ಅಣ್ಣ ಸುಮ್ಮನೆ ನಿಲ್ಲುವವನಲ್ಲ. ಹೊಸ್ತಿಲ ಮೇಲೆ ನಿಂತು, ಮೊಬೈಲನ್ನು ಮುಖದೆದುರು ಹಿಡಿದು, ಇದೇ ನಮ್ಮ ತಾತ ಕಟ್ಟಿದ ಕಾರ್ಖಾನೆ ಎಂದು ಕುಟುಂಬದ ವಾಟ್ಸಾಪ್ ಗುಂಪಿಗೆ ವಿವರಣೆ ಶುರು ಮಾಡಿದ. ಮೆಷಿನ್ ನಿಲ್ಲುವಷ್ಟರಲ್ಲಿ ಅವನ ಹುಬ್ಬು, ಕಿವಿ, ಬಣ್ಣ ಹಚ್ಚಿದ ಕೂದಲು ಎಲ್ಲ ಬೆಳ್ಳಗಾಗಿದ್ದವು; ಆಮೇಲೆ ಬಹಳ ಹೊತ್ತು ಕೆಮ್ಮಿದ. ತಾತನ ಹೋಲಿಕೆ ಬಂತು ಎಂದು ನನ್ನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು.

ಒಳಗಿನ ಕೋಣೆಯಲ್ಲಿ ಭಾವ ಮಂಚದ ಮೇಲೆ ಒರಗಿದ್ದರು. ಇಷ್ಟು ಅಗಲದ ಎದೆಯ ಮನುಷ್ಯ, ಅಂಗಿಯೊಳಗೆ ಎಲ್ಲಿದ್ದಾರೆ ಎಂದು ಹುಡುಕಬೇಕು. ನಮ್ಮನ್ನು ಕಂಡು ಮುಖ ಬೆಳಗಿತು.

“ಬನ್ನಿ, ಬನ್ನಿ... ಮಾವನ ಮನೆಯೋರು... ಏಳೋಕಾಗಲ್ಲ, ಕೂತೇ... ಮರ್ಯಾದೆ ಕೊಡ್ತೀನಿ... ಹೊಂದಿಸ್ಕೊಳ್ಳಿ.”

ಒಂದು ಮಾತಿಗೆ ಅಷ್ಟು ಕಡೆ ನಿಲ್ಲಬೇಕಾಗಿತ್ತು. ಆದರೂ ಬಿಡಲಿಲ್ಲ. ಕಾರಿನ ಬಣ್ಣ ವಿಚಾರಿಸಿದರು, ಅತ್ತಿಗೆಯ ಮಂಡಿನೋವು ವಿಚಾರಿಸಿದರು, ನಾನು ಪತ್ರಿಕೆಗೆ ಬರೆದದ್ದೇನನ್ನೋ ಟೈಲರು ಓದಿ ನಕ್ಕ ಎಂದು ಸುಳ್ಳು ಹೇಳಿದರು. ಅಕ್ಕ ಗೋಡೆಗೆ ಒರಗಿ ನಿಂತು, ನಮ್ಮ ಯಾರ ಕಡೆಗೂ ನೋಡದೆ, ಅವರ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದಳು.

ಅವರು ಒರಗಿದ್ದ ಹಾಸಿಗೆ ಬೇರೆ ಹಾಸಿಗೆಗಳಂತೆ ಇರಲಿಲ್ಲ. ಚಪ್ಪಟೆ ಮಲಗಿದರೆ ಭಾವನಿಗೆ ಉಸಿರು ನಿಲ್ಲುತ್ತಿತ್ತು. ಜಾರಿದರೆ ತಾವಾಗಿ ಮೇಲೇರುವ ಶಕ್ತಿ ಇರಲಿಲ್ಲ. ಅದಕ್ಕೆ ಅಕ್ಕ ತಲೆಯ ಕಡೆ ಹತ್ತಿಯನ್ನು ಎತ್ತರಕ್ಕೆ ತುಂಬಿ ಇಳಿಜಾರು ಮಾಡಿದ್ದಳು. ನಡುವಿಗೆ ಒಂದು ತಗ್ಗು, ಪಾದದ ಹತ್ತಿರ ಜಾರದಂತೆ ಅಡ್ಡಕ್ಕೆ ಒಂದು ದಿಂಡು. ಕೂತು ಕೂತು ಹತ್ತಿ ಅಮುಕಿಹೋದಾಗಲೆಲ್ಲ ಭಾವನನ್ನು ಟೈಲರಿನ ತೋಳಿಗೆ ಒರಗಿಸಿ, ಹೊಲಿಗೆ ಬಿಚ್ಚಿ, ಹಿಂಜಿ, ಮತ್ತೆ ತುಂಬಿ, ದಬ್ಬಣದಲ್ಲಿ ಹುರಿ ಹಾಕಿ ಬಿಗಿಯುವಳು. ಭಾವ ಇನ್ನೂ ಮಾತಾಡುತ್ತಿದ್ದುದು ಆ ಇಳಿಜಾರಿನ ದೆಸೆಯಿಂದ. ಡಾಕ್ಟರೂ ಅದನ್ನೇ ಹೇಳಿದ್ದರಂತೆ.

ಅಣ್ಣ ತಾತನ ವಸ್ತುಗಳನ್ನು ವಿಚಾರಿಸತೊಡಗಿದ. ಬಿಲ್ಲು ಎಲ್ಲಿ ಎಂದರೆ, ಸೌದೆಯಿಲ್ಲದ ಒಂದು ದಿನ ಒಲೆಗೆ ಹೋಯಿತು. ಫೋಟೋ ಎಂದರೆ, ತೆಗೆಸಿರಲೇ ಇಲ್ಲ. ತಾತ ಇದ್ದ ಮನೆಯಾದರೂ ಇದೇ ತಾನೆ ಎಂದರೆ ಅದೂ ಅಲ್ಲ. ಆ ಗೋಡೆಗಳು ಬಿದ್ದು ದೊಡ್ಡಪ್ಪ ಹೊಸದಾಗಿ ಕಟ್ಟಿಸಿದ್ದು ಇದು. ಅಣ್ಣ ಅಳತೆಯ ಟೇಪನ್ನು ಕೈಯಲ್ಲಿ ಹಿಡಿದು, ಅಳೆಯಲು ಏನೂ ಇಲ್ಲದೆ, ಆಟ ಮುಗಿದ ಮೇಲೆ ಬಂದ ಮಗುವಿನಂತೆ ನಿಂತ. ನೆಂಟರ ಮುಖ ಬಾಡುವುದನ್ನು ಭಾವ ಸಹಿಸುವವರಲ್ಲ. ತಾವು ಕೂತಿದ್ದ ಹಾಸಿಗೆಯನ್ನು ತಟ್ಟಿದರು.

“ಇದು ತಾತಂದು. ಗವಸು ಹೊಸದು... ದಾರ ಹೊಸದು. ಹತ್ತಿ ಮಾತ್ರ... ತಾತ ತಮ್ಮ ಮದುವೆಗೆ ಅಂತ... ತಾವೇ ಹಿಂಜಿದ್ದು.”

ಯಾರ ಹತ್ತಿಯನ್ನೂ ಯಾರದಕ್ಕೂ ಬೆರೆಸದ ಮನೆಯಲ್ಲಿ, ಅದರ ಮೇಲೆ ಯಾರೂ ಪ್ರಾಣ ಬಿಡದ್ದರಿಂದ, ಅದು ಹಾಗೇ ಉಳಿದುಬಂದಿತ್ತು. ಅಣ್ಣ ಮಂಚದ ತುದಿಯಲ್ಲಿ ಕೂತು ಎರಡೂ ಅಂಗೈಗಳನ್ನು ಹಾಸಿಗೆಯ ಮೇಲೆ ಊರಿದ. ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ, ಅಷ್ಟು ಹೊತ್ತು ಅವನು ಮೊಬೈಲನ್ನು ಎತ್ತಲೂ ಮರೆತಿದ್ದ. ಊಟವಾಗುವ ತನಕ ನಾವು ಅವನನ್ನು ಗೌರವದಿಂದ ನೋಡಿದೆವು.

ಊಟವಾದ ಮೇಲೆ ಅವನು ಕೈ ಒರೆಸಿಕೊಂಡು, “ಅಕ್ಕಾ, ಇದು ಇಲ್ಲಿರೋ ವಸ್ತು ಅಲ್ಲ” ಎಂದ.

“ಮತ್ತೆ ಎಲ್ಲಿರೋದು?”

ಗಾಜಿನ ಬೀರುವಿನ ವಿಷಯ ಹೇಳಿದ. ಒಳಗಿನ ದೀಪದ ವಿಷಯ ಹೇಳಿದ. ತಾನು ಪುಕ್ಕಟೆ ಕೇಳುತ್ತಿಲ್ಲ, ಬದಲಿಗೆ ಭಾವನಿಗೆ ಅತ್ಯುತ್ತಮ ಫೋಮ್ ಹಾಸಿಗೆ ಕಳಿಸುತ್ತೇನೆ, ಬೆನ್ನುಮೂಳೆಗೆಂದೇ ಮಾಡಿದ್ದು, ದೊಡ್ಡ ದೊಡ್ಡವರೆಲ್ಲ ಮಲಗುತ್ತಾರೆ ಎಂದ. ಅಕ್ಕ, “ಆಗಲ್ಲ” ಎಂದು ಬಾಯಿಗೆ ಬಟ್ಟೆ ಬಿಗಿದುಕೊಂಡು ಅಂಗಡಿಗೆ ಹೋದಳು. ಮೆಷಿನ್ ಶುರುವಾಯಿತು.

ಭಾವನ ಮುಖ ಸಣ್ಣದಾಯಿತು. ಆಳಾಗಿ ಬಂದು ಅಳಿಯನಾದವರು. ಹೆಂಡತಿಯ ಮನೆಯವರ ಮಾತನ್ನು ತೆಗೆದುಹಾಕುವ ಧೈರ್ಯ ಆ ಇಡೀ ಆಯುಷ್ಯದಲ್ಲಿ ಅವರಿಗೆ ಬಂದಿರಲಿಲ್ಲ. ಮೆಷಿನ್ನಿನ ಸದ್ದಿನ ನಡುವೆ ಅಣ್ಣನನ್ನು ಹತ್ತಿರ ಕರೆದು ಹೇಳಿದರು. “ಅವಳು ಹಾಗೇ... ತಪ್ಪು ತಿಳೀಬೇಡಿ. ನಿಮ್ಮ ಮನೆ ಹತ್ತಿ... ನಾನು ಹೊರಗಿನೋನು, ಸುಮ್ಮನೆ ಮಲಗಿದ್ದೀನಿ. ನಾನು ಹೋದ್ಮೇಲೆ... ತಗೊಂಡ್ಹೋಗಿ.”

“ಛೆ, ಛೆ. ಏನ್ ಮಾತು ಅಂತ ಆಡ್ತೀರ ಭಾವ” ಎಂದ ಅಣ್ಣ. ಮನಸಾರೆ ಅಂದ. ಆಮೇಲೆ, ಬೀರುವಿನ ಕೆಳಗಿನ ಖಾನೆಯಲ್ಲಿ ಹಿಡಿಸುತ್ತದೋ ಇಲ್ಲವೋ ನೋಡಿಟ್ಟುಕೊಂಡರೆ ತಪ್ಪಿಲ್ಲ ಎಂದು ಟೇಪು ಎಳೆದ. ಪಾದದ ಕಡೆಯ ತುದಿಯನ್ನು ಅವನು ಹಿಡಿದ. ತಲೆಯ ಕಡೆಯ ತುದಿಯನ್ನು ಭಾವ ತಮ್ಮ ಕಿವಿಯ ಪಕ್ಕದಲ್ಲಿ, ನೇರವಾಗಿರಲಿ ಎಂದು ಎರಡು ಬೆರಳಲ್ಲಿ ಒತ್ತಿ ಹಿಡಿದುಕೊಟ್ಟರು.

ಮೆಷಿನ್ ನಿಂತಿದ್ದು ನಮಗೆ ಗೊತ್ತಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಣ್ಣನ ಕೈಯಿಂದ ಟೇಪು ತಪ್ಪಿ ಪಟ್ಟನೆ ಡಬ್ಬಿಯೊಳಕ್ಕೆ ಸೇರಿಕೊಂಡಿತು.

ಅವಳು ಬಾಯಿಯ ಬಟ್ಟೆ ಇಳಿಸಿ, “ಇವರು ಉಸಿರಾಡೋದು ಇದರ ಮೇಲೆ. ಇದೊಂದು ಬಿಟ್ಟು ಮನೇಲಿ ಏನಿದ್ಯೋ ತಗೊಂಡ್ಹೋಗು” ಎಂದಳು. ಅಷ್ಟು ಉದ್ದದ ಮಾತನ್ನು ನಾನು ಅವಳ ಬಾಯಲ್ಲಿ ಮೊದಲು ಕೇಳಿರಲಿಲ್ಲ.

ನಾವು ಹೊರಟೆವು. ಕಾರಿನಲ್ಲಿ ಅಣ್ಣ, ಪಾಪ, ಅವಳಿಗೆ ಪರಂಪರೆಯ ಬೆಲೆ ತಿಳಿಯದು ಎಂದು ಮರುಗಿದ. ಅತ್ತಿಗೆ ಕಿಟಕಿಯ ಗಾಜು ಏರಿಸಿ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು.

ಅಣ್ಣ ಜಿಪುಣನಲ್ಲ, ಕೆಟ್ಟವನೂ ಅಲ್ಲ. ಹಾಸಿಗೆ ಕೊಡದಿದ್ದರೂ ಸರಿ, ಭಾವ ಸುಖವಾಗಿರಲಿ ಎಂದು ಅಂಗಡಿಯಲ್ಲಿದ್ದ ಅತಿ ದುಬಾರಿ ಫೋಮ್ ಹಾಸಿಗೆಯನ್ನು ಲಾರಿಗೆ ಹಾಕಿಸಿದ. ತನ್ನ ಮೈ ಅಳತೆಗೆ ತಾನೇ ಅಂಗಡಿಯಲ್ಲಿ ಮಲಗಿ ಪರೀಕ್ಷಿಸಿದ. ಅದು ಹೋಗಿ ತಲುಪಿತು. ಅಕ್ಕ ಅದರ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಗೋಡೆಗೆ ಒರಗಿಸಿಟ್ಟಳು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಣ್ಣ ಕೊಟ್ಟದ್ದನ್ನು ಮರೆಯುವವನಲ್ಲ. ಭಾವ ಹೊಸ ಹಾಸಿಗೆಯ ಮೇಲೆ ಮಲಗಿದ ಫೋಟೋ ಕಳಿಸಿ ಎಂದು ಕುಟುಂಬದ ಗುಂಪಿನಲ್ಲಿ ಹಾಕಿದ. ಉತ್ತರ ಬರಲಿಲ್ಲ. ಮತ್ತೆ ಹಾಕಿದ. ಬೇರೆ ನೆಂಟರೂ ಸೇರಿಕೊಂಡು, ಭಾವ ಎಲ್ಲಿ, ಭಾವ ಮಲಗಿದ್ದಾರಾ, ಏಳೋ ಮನಸ್ಸೇ ಇಲ್ವಂತಾ ಎಂದು ತಮಾಷೆ ಮಾಡಿದರು. ಅಕ್ಕ ಮೊಬೈಲ್ ಮುಟ್ಟುವವಳಲ್ಲ. ಅದು ಇದ್ದದ್ದು ಭಾವನ ದಿಂಬಿನ ಕೆಳಗೆ.

ಒಂದು ಮಧ್ಯಾಹ್ನ ಫೋಟೋ ಬಂತು. ಭಾವ ಹೊಸ ಹಾಸಿಗೆಯ ಮೇಲೆ ಚಪ್ಪಟೆ ಮಲಗಿ, ಕ್ಯಾಮೆರಾ ನೋಡಿ ನಗುತ್ತಿದ್ದರು. ತಲೆಗೂದಲನ್ನು ನೀರು ಹಚ್ಚಿ ಬಾಚಿತ್ತು. ಎಲ್ಲರೂ ಹೆಬ್ಬೆರಳು ಕಳಿಸಿದರು. ಕೆಲವರು ಹೂವು ಕಳಿಸಿದರು. ಅಣ್ಣ, ‘ರಾಜನ ಹಾಗೆ ಕಾಣ್ತಿದ್ದೀರಿ ಭಾವ’ ಎಂದು ಬರೆದ. ಸಂಜೆ ಟೈಲರು ಫೋನ್ ಮಾಡಿ ಭಾವ ಹೋದರು ಎಂದ.

ಮಾರನೆಯ ದಿನ ನಾವು ತಲುಪಿದಾಗ ಎಲ್ಲ ಮುಗಿದಿತ್ತು. ಟೈಲರು ನನ್ನನ್ನು ತನ್ನ ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ. ಭಾವ ಅವನನ್ನು ಫೋನ್ ಮಾಡಿ ಕರೆದರಂತೆ. ಮಾವನ ಮನೆಯವರು ಇಷ್ಟು ಸಲ ಕೇಳುತ್ತಿದ್ದಾರೆ, ಒಂದು ಫೋಟೋಗೆ ಏನಾಗುತ್ತೆ, ಅವಳಿಗೆ ಹೇಳಬೇಡ ಎಂದರಂತೆ. ಅಕ್ಕ ಮುಂದೆ ಮೆಷಿನ್ ನಡೆಸುತ್ತಿದ್ದಳು. ಇವನು ಹಿತ್ತಲ ಕಡೆಯಿಂದ ಹೋಗಿ, ಭಾವನನ್ನು ಕುರ್ಚಿಗೆ ಕೂರಿಸಿ, ಹಳೇದನ್ನು ನೆಲಕ್ಕಿಳಿಸಿ ಹೊಸದನ್ನು ಹಾಸಿ ಮಲಗಿಸಿದ. ಫೋಟೋ ತೆಗೆದು ಕಳಿಸುವಷ್ಟರಲ್ಲಿ ಇವನ ಅಂಗಡಿಗೆ ಯಾರೋ ಬಂದು ಫೋನ್ ಮಾಡಿದರು. ಒಂದು ಗಳಿಗೆ, ಬಂದೆ ಎಂದು ಹೋದ. ಗಿರಾಕಿ ಅಳತೆ ಕೊಡುವುದರಲ್ಲಿ ತಡ ಮಾಡಿದ.

“ಕೂಗಿರ್ತಾರೆ ಸಾರ್” ಎಂದ ಟೈಲರು. “ಸುಮ್ಮನಿರೋ ಮನುಷ್ಯ ಅಲ್ಲ ಅವರು. ಮೆಷಿನ್ ಓಡ್ತಿತ್ತು. ರೇಡಿಯೋ ನಿಂತಿದೆ ಅಂತ ಗೊತ್ತಾಗಿದ್ದು ಮೆಷಿನ್ ನಿಂತ ಮೇಲೆ.”

ಆಮೇಲೆ ಅವನು ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಪುಡಿಯಾಗುವ ತನಕ ತಿಕ್ಕುತ್ತಾ ಕೂತ.

ಅಣ್ಣನಿಗೆ ಇದು ಗೊತ್ತಿರಲಿಲ್ಲ. ಅವನು ಬಾಗಿಲಲ್ಲೇ ದೊಡ್ಡ ದನಿಯಲ್ಲಿ ಅತ್ತ. ದಾರಿಯಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದ. ಕಡೇ ಫೋಟೋದಲ್ಲಿ ಎಷ್ಟು ನೆಮ್ಮದಿಯಾಗಿದ್ದಾರೆ ನೋಡು ಎಂದು ಅಕ್ಕನ ಕೈಗೆ ಕೊಟ್ಟ. ಅಕ್ಕ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಫೋಟೋದ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮೂಲೆಯಲ್ಲಿಟ್ಟಳು.

ಹಿತ್ತಲಿನಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಕೈತೊಳೆಯಲು ಹೋದ ಅತ್ತಿಗೆ, ಅಲ್ಲೇನೋ ಕರಗಿ ಕಪ್ಪಗೆ ನೆಲಕ್ಕೆ ಅಂಟಿಕೊಂಡಿದೆ ಎನ್ನುತ್ತಾ ಮೂಗಿಗೆ ಸೆರಗು ಒತ್ತಿಕೊಂಡು ಬಂದರು. ಅಣ್ಣ ಎದ್ದು ಹೋಗಿ ನೋಡಿ ಬಂದ.

“ನಾನು ಕಳಿಸಿದ ಹಾಸಿಗೆ ಏನಾಯ್ತಕ್ಕಾ?”

“ಸುಟ್ಟೆ.”

“ಯಾಕೆ? ಹೊಸದು ಅದು.”

“ಅದರ ಮೇಲೆ ಹೋದ್ರು” ಎಂದಳು ಅಕ್ಕ.

ಅಣ್ಣ ಕೂತುಬಿಟ್ಟ. ಅವನ ಮುಖದಲ್ಲಿ ಏನೋ ಒಂದು ನಿಧಾನವಾಗಿ ಜಾಗ ಬಿಟ್ಟು ಇಳಿಯಿತು. ಇನ್ನೇನು ಅವನಿಗೆ ಎಲ್ಲ ಅರ್ಥವಾಯಿತು ಎಂದುಕೊಂಡೆ, ಆಗಿತ್ತೋ ಏನೋ. ನನ್ನ ಹೆಂಡತಿ ಎಲ್ಲರಿಗೂ ಟೀ ಮಾಡಿ ತಂದಳು. ಆ ಮನೆಯಲ್ಲಿ ಮಾತಾಡಬೇಕಾದವರೇ ಇಲ್ಲದೆ, ಲೋಟಗಳನ್ನು ಕೆಳಗಿಡುವ ಸದ್ದು ಕೂಡ ದೊಡ್ಡದಾಗಿ ಕೇಳುತ್ತಿತ್ತು.

ತಾತನ ಹತ್ತಿ ಮಂಚದ ಮೇಲೆ ಮೊದಲಿನ ಜಾಗಕ್ಕೆ ಬಂದಿತ್ತು. ತಲೆಯ ಕಡೆ ಇಳಿಜಾರು, ನಡುವೆ ಭಾವನ ಅಳತೆಯ ತಗ್ಗು, ಪಾದದ ಕಡೆ ದಿಂಡು. ಅಣ್ಣ ಅದನ್ನು ನೋಡಿದ. ಬೇರೆ ಕಡೆ ನೋಡಿದ. ಮತ್ತೆ ನೋಡಿದ. ಮನುಷ್ಯನಿಗೆ ದೊಡ್ಡ ತಪ್ಪೊಂದು ಎದುರಿಗೆ ಬಂದು ನಿಂತಾಗ ಕೈ ಹಳೇ ಅಭ್ಯಾಸವನ್ನೇ ತಡಕುತ್ತದೆಯೋ ಏನೋ. ಅವನು ಗಂಟಲು ಸರಿಮಾಡಿಕೊಂಡು ಬಹಳ ಮೆತ್ತಗೆ, ಭಾವ ತಾವಾಗಿಯೇ ಅದನ್ನು ಆಮೇಲೆ ತೆಗೆದುಕೊಂಡು ಹೋಗಿ ಅಂದಿದ್ದರು ಎಂದ. ತನಗೇನೂ ಅವಸರವಿಲ್ಲ ಎಂದೂ ಸೇರಿಸಿದ. ಅತ್ತಿಗೆ ಸಾಕು ಎಂಬಂತೆ ಅವನ ತೋಳು ಹಿಡಿದರು. ಅವನಿಗೆ ನಿಲ್ಲಿಸಲಾಗಲಿಲ್ಲ.

“ಅಲ್ಲಕ್ಕಾ, ಇನ್ನು ಒಬ್ಬಳೇ... ಇಷ್ಟು ಗುಡ್ಡ, ಇಷ್ಟು ತಗ್ಗು ಇರೋ ಹಾಸಿಗೆ ಇಟ್ಕೊಂಡು ಏನ್ ಮಾಡ್ತೀಯ?”

“ಮಲಗ್ತೀನಿ” ಎಂದಳು ಅಕ್ಕ.